ಕೇಳುವ ಪೆಟ್ಟಿಗೆಗೆ ಹಾಕಿದ ಮೊಹರು

ಜಹೀರಾಬಾದಿನಲ್ಲಿ ನಾನು ಕೊಟ್ಟ ಮೊದಲ ನೋಟಿಸು ಬಟ್ಟೆ ಒಣಹಾಕುವ ತಂತಿಗೆ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತೋ ಮೂರೋ, ಖಚಿತವಿಲ್ಲ. ಆಗ ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ಪುಸ್ತಕ ಮಾಡಿಸಿ ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಬೇಕಿತ್ತು. ಮಾಡಿಸದವರನ್ನು ಹಿಡಿಯುವುದು ವೈರ್‌ಲೆಸ್ ಇನ್‌ಸ್ಪೆಕ್ಟರನ ಕೆಲಸಗಳಲ್ಲಿ ಒಂದು. ನಾನು ಬಸ್ಸಿನಿಂದ ಇಳಿಯುವ ಹೊತ್ತಿಗೆ ಇಡೀ ಪೇಟೆಯ ರೇಡಿಯೋಗಳು ಬಾಯಿ ಮುಚ್ಚಿರುತ್ತಿದ್ದವು. ಕಂಡಕ್ಟರನೇ ಸುದ್ದಿ ಮುಟ್ಟಿಸುತ್ತಿದ್ದ ಎಂದು ಆಮೇಲೆ ತಿಳಿಯಿತು. ಹಾಗಾಗಿ ನಾನು ಕಿವಿಯ ಕೆಲಸ ಬಿಟ್ಟು ಕಣ್ಣಿನ ಕೆಲಸ ಹಿಡಿದೆ. ತಲೆ ಎತ್ತಿಕೊಂಡು ಏರಿಯಲ್ ತಂತಿ ಹುಡುಕುತ್ತ ಗಲ್ಲಿ ಗಲ್ಲಿ ತಿರುಗಿದೆ. ಒಂದು ಮಾಳಿಗೆಯ ಮೇಲೆ ಎರಡು ಬಿದಿರುಗಳ ನಡುವೆ ತಾಮ್ರದ ತಂತಿ ಥಳಥಳಿಸಿತು. ಅಲ್ಲೇ ನಿಂತು ನೋಟಿಸು ಬರೆದು ಮನೆಯ ಹೆಂಗಸಿನ ಕೈಗಿತ್ತೆ. ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹಿಂಡಿದ ಸೀರೆಗಳ ಬುಟ್ಟಿಯನ್ನು ನೆಲಕ್ಕಿಟ್ಟಳು.

“ಈ ತಂತಿ ಹಾಡ್ತದಂತೀರೇನ್ರಿ ಸಾಬ್? ಹಂಗಿದ್ರ ಒಮ್ಮೆ ಹಾಡ್ಸಿ ತೋರ್ಸ್ರಿ. ಲೈಸೆನ್ಸ್ ಏನು, ನಿಮಗ ಊಟಾನೂ ಹಾಕ್ತೀನಿ.”

ಗಲ್ಲಿಯ ಜನ ನಕ್ಕರು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು; ಕಿವಿ ಕೆಂಪಾಗಿಸಿಕೊಂಡು ನೋಟಿಸು ವಾಪಸು ಪಡೆದೆ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಮೊದಲು ಇದನ್ನೇ ಹೇಳುತ್ತೇನೆ. ಅಂಥ ತಪ್ಪುಗಳಿಗೆ ಹೆದರಬೇಡಿ. ತಪ್ಪಾಯಿತೆಂದು ಆ ಗಳಿಗೆಯಲ್ಲೇ ಯಾರಾದರೂ ಹೇಳಿಬಿಡುತ್ತಾರೆ. ಯಾರೂ ಹೇಳದೆ ಉಳಿಯುವ ತಪ್ಪು ಬೇರೆ. ನಾನು ಬರೆಯಲು ಕೂತಿರುವುದು ಅಂಥ ಒಂದರ ಬಗ್ಗೆ.

ನಾನು ಹುಟ್ಟಿದ್ದು ಜಹೀರಾಬಾದಿನಲ್ಲೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಬಜಾರಿನಲ್ಲಿ ತೆಲುಗು. ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಜಹೀರಾಬಾದ್, ನಾರಾಯಣಖೇಡ್ ಬೀದರ್ ಜಿಲ್ಲೆಯನ್ನು ಬಿಟ್ಟು ತೆಲುಗು ರಾಜ್ಯಕ್ಕೆ ಬಂದವು, ತಾಂಡೂರು ಗುಲ್ಬರ್ಗಾವನ್ನು ಬಿಟ್ಟು ಬಂತು. ಮನೆಮಾತು ಬದಲಾಗಲಿಲ್ಲ, ಅರ್ಜಿಯ ಭಾಷೆ ಬದಲಾಯಿತು. ಮೂರು ಭಾಷೆ ಬರುತ್ತದೆಂಬ ಒಂದೇ ಕಾರಣಕ್ಕೆ ಹೈದರಾಬಾದಿನ ನಮ್ಮ ಕಚೇರಿಯವರು ಈ ಗಡಿ ತಾಲೂಕುಗಳನ್ನೆಲ್ಲ ನನ್ನ ಕುತ್ತಿಗೆಗೆ ಕಟ್ಟಿದರು. ನನಗೆ ಸಂಶೋಧನೆ ಮಾಡುವ ಆಸೆಯಿತ್ತು. ಸಿಕ್ಕದ್ದು ನ್ಯಾಲ್ಕಲ್ ರಸ್ತೆಯ ಧೂಳು, ಒಂದು ಹಿತ್ತಾಳೆಯ ಮೊಹರು, ಅರಗಿನ ಕಡ್ಡಿಗಳು. ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. ಯಾರು ಏನು ಹೇಳಿದರೂ “ನಿಮಗೆ ಹೇಗೆ ಗೊತ್ತು?” ಎಂದು ಕೇಳುವುದು ನನ್ನ ಚಾಳಿ. ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಲು ತುಂಬಾ ವರ್ಷ ಹಿಡಿಯಿತು.

ರೇಡಿಯೋ ಕೇಳುವವರ ಲೈಸೆನ್ಸು ಸುಲಭದ್ದು. ಕಷ್ಟದ್ದು ಹವ್ಯಾಸಿಗಳದು. ಹವ್ಯಾಸಿ ಎಂದರೆ ತಾನೇ ಸೆಟ್ ಕಟ್ಟಿಕೊಂಡು, ದೂರದ ಇನ್ನೊಬ್ಬ ಹವ್ಯಾಸಿಯ ಜೊತೆ ಗಾಳಿಯಲ್ಲಿ ಮಾತಾಡುವವನು. ಬಾಯಿಂದ, ಇಲ್ಲವೇ ತಂತಿ ಕಚೇರಿಯ ಕಟ್ಟು ಕಡ ಭಾಷೆಯಾದ ಮೋರ್ಸ್‌ನಿಂದ. ಅವರಿಗೆ ನಿಯಮಗಳ ದೊಡ್ಡ ಪಟ್ಟಿಯೇ ಇತ್ತು. ಪರೀಕ್ಷೆ ಪಾಸಾಗಬೇಕು, ಪೊಲೀಸರು ವಿಚಾರಣೆ ಮಾಡಿ ಒಪ್ಪಬೇಕು, ಆಮೇಲೆ ದಿಲ್ಲಿ ಒಪ್ಪಬೇಕು. ವ್ಯಾಪಾರದ ಮಾತು ಆಡಕೂಡದು, ರಾಜಕೀಯ ಆಡಕೂಡದು, ಬೇರೆಯವರ ಸಂದೇಶ ಸಾಗಿಸಕೂಡದು, ಆಡಿದ ಪ್ರತಿ ಮಾತಿನ ವೇಳೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಹತ್ತು ವರ್ಷ ತುಂಬುವುದರೊಳಗೆ ಮೂರು ಯುದ್ಧ ಕಂಡ ದೇಶ ಇದು. ಮಾತಾಡಬಲ್ಲ ಪ್ರತಿ ಪೆಟ್ಟಿಗೆಯ ಮೇಲೂ ಸರ್ಕಾರಕ್ಕೆ ಸಂಶಯವಿತ್ತು, ಸಂಶಯ ಪೂರ್ತಿ ಸುಳ್ಳೂ ಆಗಿರಲಿಲ್ಲ. ಯುದ್ಧ ಶುರುವಾದ ಕೂಡಲೇ ತಂತಿ ಬರುತ್ತಿತ್ತು: ಎಲ್ಲ ಹವ್ಯಾಸಿ ಸೆಟ್‌ಗಳಿಗೂ ಮೊಹರು.

ನನ್ನ ಮೂರು ತಾಲೂಕುಗಳಿಗೆಲ್ಲ ಸೇರಿ ಲೈಸೆನ್ಸ್ ಇದ್ದ ಹವ್ಯಾಸಿ ಒಬ್ಬರೇ. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ನಾಪರಾಸಿ ಕಲ್ಲಿನ ಪಾಲಿಶ್ ಕಾರ್ಖಾನೆಗಳ ಹಿಂದೆ ಅವರ ಮನೆ. ರೈಲ್ವೆಯಲ್ಲಿ ತಂತಿ ಬಡಿದು ನಿವೃತ್ತರಾದವರು; ಊರಿಗೆಲ್ಲ ಮಾಸ್ತರು. ಅವರ ಸೆಟ್ಟಿಗೆ ನಾನು ಎರಡು ಸಲ ಮೊಹರು ಹಾಕಿದ್ದೇನೆ, ನನಗಿಂತ ಮುಂಚಿನವರು ಒಂದು ಸಲ ಹಾಕಿದ್ದರು. ನಾನು ಹೋದಾಗಲೆಲ್ಲ ಅವರೇ ಬಿಳಿ ಬಟ್ಟೆ ಒಗೆದು ಮಡಿಸಿ ಇಟ್ಟಿರುತ್ತಿದ್ದರು, ಸೆಟ್ಟಿಗೆ ಸುತ್ತಲಿಕ್ಕೆ. ಕಲ್ಲಿನ ಧೂಳು ಒಳಗೆ ಹೋಗಬಾರದಲ್ಲ ಎನ್ನುತ್ತಿದ್ದರು. ಎಷ್ಟು ದಿನಕ್ಕೆ ಎಂದು ಒಮ್ಮೆಯೂ ಕೇಳಲಿಲ್ಲ.

ನಮ್ಮ ಸಾಹೇಬರ ಬಗ್ಗೆಯೂ ಹೇಳಬೇಕು. ಹಳೆಯ ಕಾಲದ ಅಧಿಕಾರಿ, ಕೈ ಸ್ವಚ್ಛ, ಅವರ ಬಳಿ ಯಾವಾಗಲೂ ಕೆಂಪು ಪೆನ್ಸಿಲ್. ನನ್ನ ಮೊದಲ ವರದಿಗಳಲ್ಲಿ “ನನಗೆ ಅನ್ನಿಸುವಂತೆ”, “ಪ್ರಾಯಶಃ” ಎಂದೆಲ್ಲ ಬರೆಯುತ್ತಿದ್ದೆ. ಅವರು ಅವನ್ನು ಹೊಡೆದುಹಾಕಿ, ಇನ್‌ಸ್ಪೆಕ್ಟರನಿಗೆ ಅನ್ನಿಸುವುದಿಲ್ಲ, ಆತನಿಗೆ ಕಾಣುತ್ತದೆ ಅಷ್ಟೇ ಎಂದು ಉರ್ದುವಿನಲ್ಲಿ ತಿಳಿಹೇಳಿದರು. ಕಾಯಿದೆಯ ಮಾತುಗಳನ್ನೇ ಬಳಸು, ನಿನ್ನ ಮಾತು ಬೇಡ ಎಂದರು. ನಾನು ಬೇಗ ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಪೂರ್ತಿ ನಿಜವಾದ ಒಂದು ವಾಕ್ಯದಿಂದಲೇ ಒಬ್ಬ ಮನುಷ್ಯನನ್ನು ಹಾಳುಮಾಡಬಲ್ಲಷ್ಟು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಮತ್ತೆ ಯುದ್ಧ. ಕಿಟಕಿಗಳಿಗೆ ಕಾಗದ ಅಂಟಿಸುತ್ತಿದ್ದ ದಿನಗಳು. ತಾಂಡೂರಿಗೆ ಹೋಗಿ ಮಾಸ್ತರರ ಸೆಟ್ಟಿಗೆ ಮೊಹರು ಹಾಕಿ ಬಂದ ಮರುದಿನವೋ ಅದರ ಮರುದಿನವೋ ನಾರಾಯಣಖೇಡಿನಿಂದ ದೂರು ಬಂತು. ತೊಗರಿ ಬೇಳೆಯ ವ್ಯಾಪಾರಿಗಳು ಕೆಲವರು ಸಹಿ ಹಾಕಿದ್ದರು. ಸಂಜೆ ಶಾರ್ಟ್‌ವೇವಿನಲ್ಲಿ ಯುದ್ಧದ ವಾರ್ತೆ ಶುರುವಾದ ಕೂಡಲೇ ತಮ್ಮ ರೇಡಿಯೋಗಳಲ್ಲಿ ಸೀಟಿ ಹೊಡೆದಂತೆ ಸದ್ದು ಬರುತ್ತದೆ, ಏರುತ್ತದೆ, ಇಳಿಯುತ್ತದೆ, ನಡುನಡುವೆ ತುಂಡಾಗುತ್ತದೆ. ಊರಿನಲ್ಲಿ ಯಾರೋ ಜಾಸೂಸ್ ಕೂತು ಶತ್ರುವಿಗೆ ಸುದ್ದಿ ಕಳಿಸುತ್ತಿದ್ದಾನೆ ಎಂದು ಬರೆದಿದ್ದರು.

ಪೊಲೀಸ್ ಜೀಪಿನಲ್ಲಿ ಹೋದೆ. ಜೊತೆಗೆ ಒಬ್ಬ ಸಬ್‌ಇನ್‌ಸ್ಪೆಕ್ಟರ್, ಇಬ್ಬರು ಕಾನ್‌ಸ್ಟೇಬಲ್. ನನ್ನ ಹತ್ತಿರ ಮರದ ಚೌಕಟ್ಟಿಗೆ ತಂತಿ ಸುತ್ತಿದ ಒಂದು ಬಳೆ, ಅದಕ್ಕೆ ಜೋಡಿಸಿದ ಸೆಟ್, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್. ಆ ಬಳೆಯನ್ನು ತಿರುಗಿಸುತ್ತ ಹೋಗಬೇಕು. ಸದ್ದು ಎಲ್ಲಿ ಜೋರಾಗುತ್ತದೆ ಎಂದು ನೋಡುವುದಲ್ಲ, ಎಲ್ಲಿ ಅಡಗುತ್ತದೆ ಎಂದು ನೋಡಬೇಕು. ಅಡಗಿದ ದಿಕ್ಕಿಗೆ ಒಂದು ಗೆರೆ ಎಳೆಯಬೇಕು. ಇನ್ನೊಂದು ಜಾಗದಿಂದ ಇನ್ನೊಂದು ಗೆರೆ. ಎರಡೂ ಕೂಡಿದಲ್ಲಿ ಸೆಟ್. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಗೆರೆ ಎಳೆದೆ, ಬೇಳೆ ಗೋದಾಮಿನ ಹತ್ತಿರ ಇನ್ನೊಂದು. ಹೊತ್ತು ಮುಳುಗುವ ಮೊದಲು ಎರಡೂ ಪಂಚಾಯಿತಿ ಕಟ್ಟಡದ ಹಿಂದಿನ ಒಂದು ಮನೆಯ ಮೇಲೆ ಕೂಡಿದವು. ನಿಜ ಹೇಳಬೇಕೆಂದರೆ ಆಗ ನನಗೆ ಸಂತೋಷವಾಗಿತ್ತು. ಎಂ.ಎಸ್ಸಿ. ಓದಿದ್ದು ಕಡೆಗೂ ಏನಕ್ಕೋ ಬಂತಲ್ಲ ಎಂದು.

ಆ ಮನೆ ಸಾಯಪ್ಪನದು. ಮನೂರಿನ ಕಡೆಯ ಕುರಿ ಸಾಕುವ ಮನೆತನದವನು, ಮೂವತ್ತರ ಆಸುಪಾಸು ವಯಸ್ಸು. ಊರ ಜನ ಕೂತು ಕೇಳಲೆಂದು ಸರ್ಕಾರ ಪಂಚಾಯಿತಿಗೆ ಒಂದು ರೇಡಿಯೋ ಕೊಟ್ಟಿತ್ತು. ಅದನ್ನು ನೋಡಿಕೊಳ್ಳುವುದು, ಬ್ಯಾಟರಿ ಬದಲಿಸುವುದು ಅವನ ಕೆಲಸ. ಆ ರೇಡಿಯೋವನ್ನು ಬಿಚ್ಚಿ ಬಿಚ್ಚಿಯೇ ಕೆಲಸ ಕಲಿತಿದ್ದ. ನಾವು ಒಳಗೆ ಹೋದಾಗ ಅವನ ತಾಯಿ ಹೊಸ್ತಿಲ ಬಳಿ ಉಣ್ಣೆ ನೂಲುತ್ತ ಕೂತಿದ್ದಳು. ಒಳಗೆ ಒಂದು ಮೇಜು, ತಗಡಿನ ಪೆಟ್ಟಿಗೆಯಲ್ಲಿ ಅವನೇ ಕಟ್ಟಿದ ಒಂದು ಸೆಟ್, ಕಿವಿಗೆ ಹೆಡ್‌ಫೋನ್, ಪಕ್ಕದಲ್ಲಿ ಮೋರ್ಸ್ ಬಡಿಯುವ ಕೀಲಿ. ಏರಿಯಲ್ ತಂತಿ ಬೇವಿನ ಮರದ ತನಕ ಹೋಗಿತ್ತು. ಸಬ್‌ಇನ್‌ಸ್ಪೆಕ್ಟರ್ ಕೀಲಿಯನ್ನು ಕಂಡ ಕೂಡಲೇ ಸಾಯಪ್ಪನ ರಟ್ಟೆ ಹಿಡಿದರು.

ಸಾಯಪ್ಪ ಪೊಲೀಸರ ಕಡೆ ನೋಡಲೇ ಇಲ್ಲ, ನನ್ನ ಕೈಯಲ್ಲಿದ್ದ ಬಳೆಯನ್ನು ನೋಡಿದ. ಅದು ಏನೆಂದು ಅವನಿಗೆ ಗೊತ್ತಿತ್ತು.

“ಸಾಬ್, ಇದು ಕೇಳಾಕ ಮಾಡಿದ್ದರಿ. ಮಾತಾಡಾಕ ಅಲ್ಲ. ಕೀಲಿ ಪರೀಕ್ಷಾಕ ಕಲ್ಯಾಕ ಇಟ್ಟೀನಿ. ನೀವರೆ ಹೇಳ್ರಿ ಇವರಿಗಿ.”

ಹವ್ಯಾಸಿ ಪರೀಕ್ಷೆಯ ಪಾಠಪಟ್ಟಿಯನ್ನು ತೆಗೆದು ತೋರಿಸಿದ. ಸಬ್‌ಇನ್‌ಸ್ಪೆಕ್ಟರ್ ಅದನ್ನೂ ಸಾಕ್ಷಿಯೆಂದು ಕಾಗದದ ಕಟ್ಟಿಗೆ ಸೇರಿಸಿದರು. ನಾನು ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದು, ಗಂಟಿನ ಮೇಲೆ ಅರಗು ಕರಗಿಸಿ ಮೊಹರು ಒತ್ತಿದೆ. ಅವನ ತಾಯಿ ಒಂದು ತಂಬಿಗೆ ನೀರು ತಂದುಕೊಟ್ಟಳು. ಕುಡಿದೆ. ಆ ನೀರಿನ ತಂಪು ಈಗಲೂ ನೆನಪಿದೆ. ನೆನಪಿರಬೇಕಾದ ಬೇರೆಯದು ನೆನಪಿಲ್ಲ.

ವರದಿಯಲ್ಲಿ ಕಾಯಿದೆಯ ಮಾತನ್ನೇ ಬರೆದೆ: “ಲೈಸೆನ್ಸ್ ಇಲ್ಲದ, ತರಂಗ ಹೊರಸೂಸಬಲ್ಲ ಉಪಕರಣ ದೊರೆತಿದೆ.” ಕೆಂಪು ಪೆನ್ಸಿಲ್ ಎಲ್ಲೂ ಮುಟ್ಟಲಿಲ್ಲ.

ಸಾಯಪ್ಪನನ್ನು ಯುದ್ಧ ಮುಗಿಯುವ ತನಕ ಠಾಣೆಯಲ್ಲಿಟ್ಟರು. ಶತ್ರುವಿನ ನಂಟು ಏನೂ ಸಿಗಲಿಲ್ಲ. ಕೋರ್ಟು ಲೈಸೆನ್ಸ್ ಇಲ್ಲದೆ ಸೆಟ್ ಇಟ್ಟುಕೊಂಡಿದ್ದಕ್ಕೆ ಎಚ್ಚರಿಕೆ ಕೊಟ್ಟು ಬಿಟ್ಟಿತು, ಸೆಟ್ಟನ್ನು ಜಪ್ತಿ ಮಾಡಿತು. ಪಂಚಾಯಿತಿ ರೇಡಿಯೋದ ಕೆಲಸ ಬೇರೆಯವರಿಗೆ ಹೋಯಿತು. ಊರಿನಲ್ಲಿ ಅವನಿಗೆ ಜಾಸೂಸ್ ಸಾಯಪ್ಪ ಎಂಬ ಹೆಸರು ನಿಂತಿತು.

ಮುಂದಿನ ವರ್ಷ ಹವ್ಯಾಸಿಗಳಿಗೆ ಮತ್ತೆ ಅನುಮತಿ ಬಂತು. ಮೊಹರು ಒಡೆಯಲು ತಾಂಡೂರಿಗೆ ಹೋದೆ. ಮಾಸ್ತರರು ಚಹಾ ತರಿಸಿದರು. ನಾನು ಉತ್ಸಾಹದಲ್ಲಿ ನಾರಾಯಣಖೇಡಿನ ಕಥೆ ಹೇಳಿದೆ: ಬಳೆ, ಎರಡು ಗೆರೆ, ಬೇವಿನ ಮರ, ಕೀಲಿ. ಮಾಸ್ತರರು ಚಹಾ ಬಟ್ಟಲು ಕೆಳಗಿಟ್ಟು, ಸೆಟ್ಟಿನೊಳಗೆ ಎಷ್ಟು ವಾಲ್ವ್, ಅಂದರೆ ಉರಿಯುವ ಗಾಜಿನ ಬುರುಡೆ, ಇದ್ದವು ಎಂದು ಕೇಳಿದರು. ಜಪ್ತಿ ಪಟ್ಟಿಯಲ್ಲಿ ಎರಡು ಎಂದು ಓದಿದ ನೆನಪು ಎಂದೆ. ಕೀಲಿಯ ತಂತಿ ಎಲ್ಲಿಗೆ ಹೋಗಿತ್ತು ಎಂದು ಕೇಳಿದರು. ಅಭ್ಯಾಸದ ಬಜರ್‌ಗೆ ಎಂದೆ.

“ಕಿವಿ ಹಿಡಕೊಂಡು ಬಂದು ಬಾಯಿ ಅಂತ ಬರ್ದೀರಿ,” ಎಂದರು.

ನನಗೆ ತಕ್ಷಣ ಅರ್ಥವಾಯಿತು, ಅದೇ ಕೆಟ್ಟದ್ದು. ಅದು ಯಾವುದೇ ಪಠ್ಯಪುಸ್ತಕದಲ್ಲಿ ಇರುವ ವಿಷಯ. ಒಂದೆರಡು ವಾಲ್ವಿನ ಬಡವರ ಸೆಟ್ಟಿನಲ್ಲಿ, ಬಂದ ಸದ್ದನ್ನೇ ಮತ್ತೆ ಒಳಗೆ ತಿರುಗಿಸಿ ಹೆಚ್ಚಿಸಿಕೊಳ್ಳಲು ಒಂದು ಗುಂಡಿ ಇರುತ್ತದೆ. ಹಾಡು ಕೇಳಬೇಕಾದರೆ ಆ ಗುಂಡಿಯನ್ನು ಒಂದು ಮಟ್ಟದ ಕೆಳಗಿಡಬೇಕು. ಮೋರ್ಸ್ ಕೇಳಬೇಕಾದರೆ ಆ ಮಟ್ಟ ದಾಟಿಸಲೇಬೇಕು, ಇಲ್ಲದಿದ್ದರೆ ಕಟ್ಟು ಕಡ ಕೇಳಿಸುವುದೇ ಇಲ್ಲ. ದಾಟಿಸಿದರೆ ಸೆಟ್ಟು ತಾನೇ ಸಣ್ಣಗೆ ತರಂಗ ಬಿಡಲು ತೊಡಗುತ್ತದೆ. ಅದು ಏರಿಯಲ್ಲಿನಿಂದ ಹೊರಗೆ ಹೋಗಿ ನಾಲ್ಕು ಗಲ್ಲಿಗಳ ರೇಡಿಯೋಗಳಲ್ಲಿ ಸೀಟಿಯಾಗುತ್ತದೆ. ಹವ್ಯಾಸಿಗಳು ಮೋರ್ಸ್ ಬಡಿಯುವ ಜಾಗ, ರೇಡಿಯೋದ ಮುಳ್ಳು ಓಡುವ ಪಟ್ಟಿಯ ಮೇಲೆ, ವಾರ್ತೆಯ ಜಾಗಕ್ಕೆ ಅಂಟಿಕೊಂಡೇ ಇರುತ್ತದೆ. ಸಾಯಪ್ಪ ಪರೀಕ್ಷೆಗೆ ಕಲಿಯಲು ಸಂಜೆ ಹೊತ್ತು ಬೇರೆ ದೇಶದ ಹವ್ಯಾಸಿಗಳನ್ನು ಕೇಳುತ್ತಿದ್ದ, ಅಷ್ಟೇ. ಅವನು ಗುಂಡಿ ತಿರುಗಿಸಿದಂತೆ ವ್ಯಾಪಾರಿಗಳ ಮನೆಯಲ್ಲಿ ಸೀಟಿ ಏರಿ ಇಳಿದಿತ್ತು. ಹೊರಸೂಸಬಲ್ಲ ಉಪಕರಣ ಎಂದು ನಾನು ಬರೆದದ್ದು ಅಕ್ಷರಶಃ ನಿಜ. ಅದರಿಂದ ಯಾರಿಗೂ ಒಂದು ಮಾತನ್ನೂ ಕಳಿಸಲು ಆಗುತ್ತಿರಲಿಲ್ಲ ಎಂಬುದೂ ನಿಜ. ಎರಡನೆಯದನ್ನು ನಾನು ಬರೆದಿರಲಿಲ್ಲ.

ಮಾಸ್ತರರು ಸಿಟ್ಟಾಗಲಿಲ್ಲ. “ನನ್ನ ಮೊದಲ್ನೇ ಸೆಟ್ಟೂ ಹಿಂಗೇ ಸೀಟಿ ಹೊಡೀತಿತ್ತು. ಆವಾಗ ಯುದ್ಧ ಇದ್ದಿಲ್ಲ, ಅಷ್ಟೇ ಫರಕು,” ಎಂದು ಹೇಳಿ ಮೊಹರಿನ ಅರಗನ್ನು ಉಗುರಿನಿಂದ ಕೆರೆಯತೊಡಗಿದರು.

ಹೈದರಾಬಾದಿಗೆ ಬಂದು ಸಾಹೇಬರಿಗೆ ಹೇಳಿದೆ. ಅವರು ಫೈಲು ತರಿಸಿ ನನ್ನ ವಾಕ್ಯವನ್ನು ಓದಿ, ಇದರಲ್ಲಿ ಸುಳ್ಳು ಯಾವುದು ಎಂದು ಕೇಳಿದರು. ಸುಳ್ಳು ಇಲ್ಲ ಎಂದೆ. ಹಾಗಾದರೆ ತಿದ್ದುವುದು ಏನನ್ನು ಎಂದು ಕೇಳಿದರು. ಕೋರ್ಟು ಬಿಟ್ಟಾಗಿದೆ, ಮನುಷ್ಯ ಮನೆಗೆ ಹೋಗಿದ್ದಾನೆ, ಈಗ ಕೆದಕಿದರೆ ಪೊಲೀಸರಿಗೂ ನಮಗೂ ಜಗಳ ಎಂದು ಫೈಲು ಕಟ್ಟಿದರು. ಕೆಟ್ಟ ಮನುಷ್ಯರಲ್ಲ ಅವರು. ನಾನು ಹೊರಗೆ ಬಂದಾಗ ಹಗುರಾಗಿದ್ದೆ ಎಂಬುದು ಈಗ ಹೇಳಲು ನಾಚಿಕೆಯಾಗುವ ಮಾತು. ಮುಂದೆ ನಾರಾಯಣಖೇಡಿಗೆ ಕೆಲಸವಿದ್ದಾಗಲೆಲ್ಲ ಸಾಯಪ್ಪನ ಗಲ್ಲಿಯನ್ನು ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ.

ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡಿದ್ದೆ: ಆ ಸಂಜೆ ಪೊಲೀಸರ ಅವಸರದಲ್ಲಿ ನಾನು ತಗಡಿನ ಪೆಟ್ಟಿಗೆಯನ್ನು ತೆರೆದಿರಲಿಲ್ಲ, ಹೊರಗಿನಿಂದ ಕಂಡಷ್ಟನ್ನು ನಂಬಿ ಮೊಹರು ಹಾಕಿದೆ. ತೆರೆದಿದ್ದರೆ ಗೊತ್ತಾಗುತ್ತಿತ್ತು. ಹೆಂಡತಿಗೂ ಹೀಗೆಯೇ ಹೇಳಿದ್ದೆ. ಎಷ್ಟು ಸಲ ಹೇಳಿದೆನೆಂದರೆ ಅದು ಕಣ್ಣ ಮುಂದೆ ಚಿತ್ರದಂತೆ ನಿಂತುಬಿಟ್ಟಿತು.

ವರ್ಷಗಳು ಕಳೆದವು. ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು. ಕುರಿ ಕಾಯುವವರ ಹೆಗಲಿಗೂ ರೇಡಿಯೋ ಬಂತು, ಏರಿಯಲ್ ಹುಡುಕುತ್ತ ತಲೆ ಎತ್ತಿ ತಿರುಗುವ ಕೆಲಸ ತಪ್ಪಿತು. ನನ್ನ ಮರದ ಬಳೆಯ ಜಾಗಕ್ಕೆ ವ್ಯಾನಿನ ಮೇಲೆ ತಾನೇ ತಿರುಗುವ ಏರಿಯಲ್ ಬಂತು. ನಾನು ಹವ್ಯಾಸಿ ಪರೀಕ್ಷೆಗಳಲ್ಲಿ ಮೋರ್ಸ್ ಬಡಿಯುವ ಪರೀಕ್ಷಕರಲ್ಲಿ ಒಬ್ಬನಾದೆ. ಎಪ್ಪತ್ತೊಂಬತ್ತೋ ಎಂಬತ್ತೋ ಇರಬೇಕು, ಒಂದು ಪರೀಕ್ಷೆಗೆ ಕಾಲೇಜು ಅಧ್ಯಾಪಕರು, ಎಂಜಿನಿಯರಿಂಗ್ ವಿದ್ಯಾರ್ಥಿಗಳ ನಡುವೆ ಕೊನೆಯ ಬೆಂಚಿನಲ್ಲಿ ಸಾಯಪ್ಪ ಕೂತಿದ್ದ. ಗುರುತು ಹಿಡಿದು ನಮಸ್ಕಾರ ಮಾಡಿದ. ನನ್ನ ಗಮನ ತಪ್ಪಿರಬೇಕು; ಬಡಿಯುವಾಗ ಒಂದು ಪದದ ಕೊನೆಯ ಅಕ್ಷರವನ್ನು ಬಿಟ್ಟುಬಿಟ್ಟೆ. ಆಗ ನನಗದು ಗೊತ್ತಾಗಲಿಲ್ಲ.

ಉತ್ತರ ಪತ್ರಿಕೆ ನೋಡುವಾಗ ಗೊತ್ತಾಯಿತು. ಎಲ್ಲರೂ ಪದವನ್ನು ಪೂರ್ತಿಯಾಗಿ ಬರೆದಿದ್ದರು, ಇರಬೇಕಾದದ್ದನ್ನು ಊಹಿಸಿ. ಸಾಯಪ್ಪನ ಹಾಳೆಯಲ್ಲಿ ಮಾತ್ರ ಅದು ಅರ್ಧಕ್ಕೆ ನಿಂತಿತ್ತು. ನನ್ನ ಜೊತೆಗಿದ್ದ ಪರೀಕ್ಷಕರು ಅದಕ್ಕೆ ತಪ್ಪು ಗುರುತು ಹಾಕಿದರು. ಅದು ನನ್ನ ತಪ್ಪು, ಆತ ನಾನು ಕಳಿಸಿದ್ದನ್ನೇ ಬರೆದಿದ್ದಾನೆ ಎಂದು ಹೇಳಿ ಅಳಿಸಿದೆ. ಸಾಯಪ್ಪ ಒಂದು ತಪ್ಪೂ ಇಲ್ಲದೆ ಪಾಸಾದ.

ಆದರೆ ಪಾಸಾಗುವುದು ಒಂದು ಭಾಗ ಮಾತ್ರ. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ವೈರ್‌ಲೆಸ್ ಕಾಯಿದೆಯಡಿ ನಿಮ್ಮ ಮೇಲೆ ಎಂದಾದರೂ ಕ್ರಮ ಜರುಗಿದೆಯೇ? ಹೌದು ಎಂದು ಬರೆದ ಅರ್ಜಿ ದಿಲ್ಲಿಯಿಂದ ಒಪ್ಪಿಗೆಯಾಗಿ ಬಂದದ್ದನ್ನು ನಾನು ಕಂಡೇ ಇಲ್ಲ. ಇಲ್ಲ ಎಂದು ಬರೆದರೆ ಪೊಲೀಸರ ಕಾಗದ ಎದ್ದು ನಿಲ್ಲುತ್ತದೆ, ಆಗ ಸುಳ್ಳು ಹೇಳಿದ್ದಕ್ಕೂ ಸೇರಿಸಿ ತಿರಸ್ಕಾರ. ಸ್ಥಳಕ್ಕೆ ಹೋಗಿ ವಿಚಾರಿಸಿ ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸಾಹೇಬರು ಆ ಹೊತ್ತಿಗೆ ನಿವೃತ್ತರಾಗಿದ್ದರು.

ನಾರಾಯಣಖೇಡಿನಲ್ಲಿ ಈ ಸಲ ಸುತ್ತು ಹಾಕಲಿಲ್ಲ. ಬೇಳೆ ಬಜಾರಿನ ಮೂಲೆಯಲ್ಲಿ ಅವನ ರಿಪೇರಿ ಅಂಗಡಿ. ಬಸ್ ಸ್ಟ್ಯಾಂಡಿನಲ್ಲಿ ದಾರಿ ಕೇಳಿದರೆ “ಜಾಸೂಸ್ ರೇಡಿಯೋ ಏನ್ರಿ?” ಎಂದು ಕೇಳಿದರು. ದೂರಿಗೆ ಸಹಿ ಹಾಕಿದ್ದ ವ್ಯಾಪಾರಿಯೊಬ್ಬರು ತಮ್ಮ ಟ್ರಾನ್ಸಿಸ್ಟರ್ ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಸಾಯಪ್ಪ ಅವರನ್ನು ಸಂಜೆ ಬರಲು ಹೇಳಿ ಕಳಿಸಿ, ನನಗೆ ಸ್ಟೂಲು ಕೊಟ್ಟ. ತಾಯಿಯ ಬಗ್ಗೆ ಕೇಳಿದೆ. ಹೋಗಿ ಮೂರು ವರ್ಷ ಆಯಿತು ಎಂದ.

ನಾನು ಒಂದು ಯೋಚನೆ ಮಾಡಿಕೊಂಡು ಹೋಗಿದ್ದೆ. ಆ ಪ್ರಶ್ನೆಯ ಜಾಗವನ್ನು ಖಾಲಿ ಬಿಡು, ನಾನು ಒಳಗಿನಿಂದ ಒಂದು ಗುಪ್ತ ಟಿಪ್ಪಣಿ ಬರೆದು ನೋಡಿಕೊಳ್ಳುತ್ತೇನೆ ಎಂದೆ. ಅವನು ತಲೆ ಅಲ್ಲಾಡಿಸಿದ. ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದ. ಆಗಲೇ ಬರೆದಿಟ್ಟಿದ್ದ.

“ಖಾಲಿ ಬಿಟ್ರ ಮಂದಿ ತಮಗ ಬೇಕಾದ್ದು ತುಂಬ್ತಾರ್ರಿ ಸಾಬ್. ನಾನೇ ಬರ್ದೀನಿ. ಸರಿ ಅದ ಅಂತ ಕಂಡ್ರ ಕೆಳಗ ನೀವು ಸಹಿ ಹಾಕ್ರಿ.”

ದುಂಡು ಅಕ್ಷರದಲ್ಲಿ ಹೀಗಿತ್ತು: “ಎಪ್ಪತ್ತೊಂದನೇ ಇಸವಿಯ ಯುದ್ಧದಲ್ಲಿ ನನ್ನ ಮೇಲೆ ಕ್ರಮ ಆಗಿದೆ. ನನ್ನದು ಕೇಳುವ ಸೆಟ್. ಅದರಿಂದ ಸೀಟಿ ಹೊರಗೆ ಹೋಗುತ್ತಿತ್ತು, ನನಗೆ ತಿಳಿದಿರಲಿಲ್ಲ. ಅಕ್ಕಪಕ್ಕದವರಿಗೆ ತೊಂದರೆ ಆದದ್ದು ನನ್ನ ತಪ್ಪು. ಇನ್‌ಸ್ಪೆಕ್ಟರ್ ಸಾಹೇಬರು ಪೆಟ್ಟಿಗೆ ತೆರೆದು ಒಳಗೆ ನೋಡಿದರು. ನೋಡಿಯೂ ಕೇಳುವ ಸೆಟ್ ಎಂದು ಬರೆಯಲಿಲ್ಲ.”

ಕೊನೆಯ ಎರಡು ಸಾಲುಗಳನ್ನು ಮತ್ತೆ ಓದಿದೆ. ನಾನು ಪೆಟ್ಟಿಗೆ ತೆರೆಯಲಿಲ್ಲ ಸಾಯಪ್ಪ, ಉಳಿದದ್ದಕ್ಕೆಲ್ಲ ಸಹಿ ಹಾಕುತ್ತೇನೆ, ಇದು ಮಾತ್ರ ಆಗಿಲ್ಲ ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

“ತೆಗ್ದಿದ್ರಿ ಸಾಬ್. ಕಂದೀ‌ಲು ನಾನೇ ಹಿಡಿದಿದ್ದೆ. ನೀವು ಬಗ್ಗಿ ನೋಡಿ, ಒಂದು, ಎರಡು ಅಂತ ವಾಲ್ವ್ ಎಣಿಸಿದ್ರಿ. ಆಮ್ಯಾಲ ನನ್ನ ಮಾರಿ ನೋಡಿದ್ರಿ. ಈಗ ಹೇಳ್ತಾರ ಅಂತ ನಾನು ನಿಂತೆ. ನೀವು ಮುಚ್ಚಿದ್ರಿ.” ಸ್ವಲ್ಪ ತಡೆದು, “ಬ್ಯಾಡಂದ್ರ ಆ ಎರಡು ಸಾಲು ಹೊಡ್ದು ಹಾಕ್ತೀನ್ರಿ. ಲೈಸೆನ್ಸಿಗಿ ಅವು ಬೇಕಾಗಿಲ್ಲ. ಆದ್ರ ಆಗಿದ್ದು ಹಂಗ,” ಎಂದ.

ದೂರಿನ ದನಿ ಅಲ್ಲ ಅದು. ಕೆಟ್ಟ ರೇಡಿಯೋದಲ್ಲಿ ಯಾವ ಭಾಗ ಸುಟ್ಟಿದೆ ಎಂದು ಗಿರಾಕಿಗೆ ತಿಳಿಸುವ ದನಿ.

ನಾನು ಕಣ್ಣು ಮುಚ್ಚಿ ಆ ಸಂಜೆಯನ್ನು ಹುಡುಕಿದೆ. ತಂಬಿಗೆಯ ನೀರು ಸಿಕ್ಕಿತು, ಬೇವಿನ ಮರ ಸಿಕ್ಕಿತು, ಅರಗಿನ ವಾಸನೆ ಸಿಕ್ಕಿತು. ತೆರೆದ ಪೆಟ್ಟಿಗೆ ಸಿಗಲಿಲ್ಲ. ಆ ವರ್ಷದ ನನ್ನ ಪ್ರವಾಸದ ಡೈರಿಯನ್ನು ಅವಧಿ ಮುಗಿಯಿತೆಂದು ಕಚೇರಿಯವರು ಸುಟ್ಟಾಗಿತ್ತು. ತಾಳೆ ಹಾಕಲು ಕಾಗದವಿಲ್ಲ. ಇರುವುದು ಎರಡು ನೆನಪುಗಳು, ಒಂದು ಅವನದು, ಒಂದು ನನ್ನದು.

ಆಗ ನನ್ನ ಹಳೆಯ ಪ್ರಶ್ನೆಯನ್ನು ನನಗೇ ಕೇಳಿಕೊಂಡೆ: ನಿನಗೆ ಹೇಗೆ ಗೊತ್ತು? ಪೆಟ್ಟಿಗೆ ತೆರೆಯಲಿಲ್ಲವೆಂಬ ನೆನಪು ನನ್ನನ್ನು ಕಾಪಾಡುತ್ತದೆ. ಹತ್ತಾರು ಸಲ ಹೇಳಿ ಹೇಳಿ ನುಣುಪಾದ ನೆನಪು ಅದು. ತೆರೆದರೆಂಬ ಅವನ ನೆನಪಿನಿಂದ ಅವನಿಗೆ ಏನೂ ಸಿಗುವುದಿಲ್ಲ. ಸಹಿ ಹಾಕಬೇಕಾದವನನ್ನೇ ಅದು ಎದುರು ಹಾಕಿಕೊಳ್ಳುತ್ತದೆ. ಇನ್ನೊಂದು ಮಾತು: ಅವನ ಉತ್ತರ ಪತ್ರಿಕೆಯನ್ನು ನಾನೇ ತಿದ್ದಿದ್ದೆ. ಅಷ್ಟೊಂದು ಓದಿದವರ ನಡುವೆ, ಇರಬೇಕಾದದ್ದನ್ನು ಬಿಟ್ಟು ಬಂದದ್ದನ್ನಷ್ಟೇ ಬರೆದವನು ಇವನೊಬ್ಬನೇ. ಮತ್ತೆ, ಮಾಸ್ತರರು ಕೀಲಿಯ ತಂತಿ ಎಲ್ಲಿಗೆ ಹೋಗಿತ್ತು ಎಂದಾಗ ನಾನು ಥಟ್ಟನೆ ಬಜರ್‌ಗೆ ಎಂದಿದ್ದೆ. ಅಂದರೆ ಕೀಲಿ ಸೆಟ್ಟಿಗೆ ಸೇರಿರಲಿಲ್ಲ ಎಂಬುದನ್ನು ಆ ಸಂಜೆಯೇ ಕಂಡಿದ್ದೆ. ವಾಲ್ವಿನ ಲೆಕ್ಕ ಜಪ್ತಿ ಪಟ್ಟಿಯಲ್ಲಿ ಓದಿದ್ದು ಎಂದೆನಲ್ಲ, ಆ ಪಟ್ಟಿಯನ್ನು ಬರೆದವನು ಯಾರು? ನಾನೇ. ಮುಚ್ಚಿದ ತಗಡಿನ ಪೆಟ್ಟಿಗೆಯ ಹೊರಗೆ ನಿಂತು ವಾಲ್ವ್ ಎಣಿಸಲು ಯಾರಿಗೂ ಬರುವುದಿಲ್ಲ.

ಸಾಯಪ್ಪ ಪೆನ್ನು ಕೈಯಲ್ಲಿ ಹಿಡಿದು, ಆ ಸಾಲುಗಳನ್ನು ಹೊಡೆಯಲು ಕಾಯುತ್ತಿದ್ದ. ಪೆನ್ನನ್ನು ನಾನು ಇಸಿದುಕೊಂಡೆ. ಹಾಳೆಯ ಕೆಳಗೆ, “ಮೇಲಿನ ಹೇಳಿಕೆ ಸರಿಯಾಗಿದೆ. ನಾನು ಜಪ್ತಿ ಮಾಡಿದ ಸೆಟ್ಟಿನಿಂದ ಸಂದೇಶ ಕಳಿಸಲು ಸಾಧ್ಯವಿರಲಿಲ್ಲ. ನನ್ನ ಅಂದಿನ ವರದಿ ಅಪೂರ್ಣ” ಎಂದು ಬರೆದು, ಹೆಸರು, ಹುದ್ದೆ ಹಾಕಿದೆ.

ಅವನು ಹಾಳೆಯನ್ನು ತನ್ನ ಕಡೆ ತಿರುಗಿಸಿ ಓದಿದ.

“ತೇದಿ ಹಾಕ್ರಿ ಸಾಬ್.”

ಹಾಕಿದೆ.

ಆ ಹಾಳೆಗಾಗಿ ನನಗೆ ಮೆಮೋ ಬಂತು. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದ್ದರು; ಸರಿಯಾದ ಪ್ರಶ್ನೆಯೇ. ಉತ್ತರ ಬರೆದೆ, ಮತ್ತೆ ಕೇಳಿದರು, ಮತ್ತೆ ಬರೆದೆ. ಅದರಿಂದ ಏನಾಯಿತು, ಏನು ತಪ್ಪಿತು ಎಂಬುದು ಈ ಕಥನಕ್ಕೆ ಬೇಡ. ಪೊಲೀಸರ ವಿಚಾರಣೆ ಎರಡು ಸಲ ನಡೆಯಿತು. ಸಾಯಪ್ಪನ ಅಂಗಡಿಗೆ ಬಂದವರು ಅದೇ ಬೆಂಚಿನ ಮೇಲೆ ಕೂತು ಅದೇ ಪ್ರಶ್ನೆಗಳನ್ನು ಕೇಳಿ ಹೋದರು. ದೂರು ಕೊಟ್ಟಿದ್ದ ವ್ಯಾಪಾರಿಯೇ ಅವನ ಪರವಾಗಿ ಹೇಳಿಕೆ ಕೊಟ್ಟರಂತೆ. ಇದು ಕೇಳಿದ ಮಾತು, ನಾನು ಕಂಡದ್ದಲ್ಲ.

ಆ ಪೆಟ್ಟಿಗೆಯ ಒಳಗು ನನಗೆ ಇವತ್ತಿಗೂ ನೆನಪಾಗಿಲ್ಲ. ನೆನಪಾದರೆ ಅದು ನಿಜವಾದ ನೆನಪೋ, ಸಾಯಪ್ಪ ಹೇಳಿದ್ದನ್ನು ಮನಸ್ಸು ಬಣ್ಣ ಹಾಕಿ ತೋರಿಸುತ್ತಿದೆಯೋ ಎಂದು ನನಗೆ ಗೊತ್ತಾಗುವುದೂ ಇಲ್ಲ. ಹೊಸದಾಗಿ ಕೆಲಸಕ್ಕೆ ಬರುವವರಿಗೆ ಇಷ್ಟು ಹೇಳಬಲ್ಲೆ: ನೀವು ಮೊಹರು ಹಾಕುವ ಮನೆಯಲ್ಲಿ ದೀಪ ಹಿಡಿದು ನಿಂತವನು ಎಲ್ಲವನ್ನೂ ನೋಡಿರುತ್ತಾನೆ. ನಿಮ್ಮ ವರದಿಯನ್ನು ಮುಗಿಸುವ ಮೊದಲು ಅವನನ್ನೊಮ್ಮೆ ಕೇಳಿ.

ಸಾಯಪ್ಪನ ಲೈಸೆನ್ಸು ದಿಲ್ಲಿಯಿಂದ ನಮ್ಮ ಕಚೇರಿಗೆ ಬರಲು ವರ್ಷದ ಮೇಲೆ ಹಿಡಿಯಿತು. ಲಕೋಟೆ ನನ್ನ ಮೇಜಿಗೇ ಬಂತು. ಬಸ್ಸು ಹತ್ತಿ ಹೋಗಿ ಕೈಯಾರೆ ಕೊಡಬಹುದಿತ್ತು. ಜೊತೆಗಿದ್ದವರೂ ಹೋಗಿ ಬನ್ನಿ ಎಂದರು. ಹೋಗಲಿಲ್ಲ. ಅದು ನಾನು ಕೊಡುವಂಥದ್ದಾಗಿರಲಿಲ್ಲ. ಉಳಿದವರ ಲಕೋಟೆಗಳ ಜೊತೆ ರಿಜಿಸ್ಟರ್ ಅಂಚೆಗೆ ಹಾಕಿದೆ. ಎಂಟು ಹತ್ತು ದಿನಕ್ಕೆ ಸ್ವೀಕೃತಿಯ ಚೀಟಿ ತಿರುಗಿ ಬಂತು. ಅದರ ಮೇಲೆ ದುಂಡು ಅಕ್ಷರದಲ್ಲಿ ಸಾಯಪ್ಪನ ಸಹಿ, ಸಹಿಯ ಕೆಳಗೆ ತೇದಿ.